ಹೇಳಿ ಬಂದ ಸಿಡಿಲು

ಮೆಣಸಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಹೆಸರು ಬಂದದ್ದೂ ಕೋಪದಿಂದಲೇ. ಇನ್ನೂ ನೆಟ್ಟಗೆ ಮಾತು ಬಾರದ ವಯಸ್ಸಿನಲ್ಲಿ ಅಕ್ಕನ ಕೈ ಕಚ್ಚಿ ಹಿಡಿದವಳು, ಅಮ್ಮ ಬಂದು ಮೂಗು ಮುಚ್ಚುವವರೆಗೆ ಬಿಟ್ಟಿರಲಿಲ್ಲವಂತೆ. "ಇದು ಹೆಣ್ಣಲ್ಲ, ಹಸಿ ಮೆಣಸಿನಕಾಯಿ" ಎಂದು ಅಮ್ಮ ಅಂದದ್ದು ಹಾಗೇ ಅಂಟಿಕೊಂಡಿತು. ಬೆಳೆದು, ಭೌತಶಾಸ್ತ್ರ ಓದಿ, ಹವಾಮಾನ ಕಚೇರಿಯಲ್ಲಿ ಮುನ್ಸೂಚನೆ ಕೊಡುವ ಕೆಲಸಕ್ಕೆ ಸೇರಿದ ಮೇಲೂ ಮನೆಯಲ್ಲಿ ಅವಳು ಮೆಣಸಿಯೇ.

ಅವಳನ್ನು ಓದಿಸಿದ್ದು ಭಾವ. ಅಪ್ಪ ತೀರಿಕೊಂಡಾಗ ಅಕ್ಕನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಭಾವ ಯಾರನ್ನೂ ಕೇಳದೆ ಒಂದು ಟೆಂಪೋ ತಂದು ನಿಲ್ಲಿಸಿ, ಅತ್ತೆಯನ್ನೂ ನಾದಿನಿಯನ್ನೂ ಪುಟ್ಟ ಬಾಮೈದನನ್ನೂ ಹಾಸಿಗೆ ಪಾತ್ರೆಗಳ ಸಮೇತ ತನ್ನ ಎರಡು ಕೋಣೆಯ ಮನೆಗೆ ಕರೆದುಕೊಂಡು ಹೋದ. ಕಟ್ಟಡ ಕೆಲಸದಲ್ಲಿ ಮೇಸ್ತ್ರಿ ಅವನು. ಮೆಣಸಿಯ ಪರೀಕ್ಷೆಯ ದಿನಗಳಲ್ಲಿ ಸೈಕಲ್ಲಿನ ಹಿಂದೆ ಅವಳನ್ನು ಕೂರಿಸಿಕೊಂಡು ಹೋಗಿ, ಸಿಮೆಂಟು ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೇಟಿನ ಹೊರಗೆ ಕಾಯುತ್ತಿದ್ದ. ಅವಳಿಗೆ ಕೆಲಸ ಸಿಕ್ಕಾಗ ಬೀದಿಗೆಲ್ಲ ಸಿಹಿ ಹಂಚಿದವನೂ ಅವನೇ, ಮಾರನೆಯ ದಿನದಿಂದ ಗೇಲಿ ಶುರುಮಾಡಿದವನೂ ಅವನೇ. "ನಮ್ಮ ಮೆಣಸಿ ಮಳೆ ಅಂದ್ಲಾ? ಹಾಗಾದ್ರೆ ಬಟ್ಟೆ ಒಣಗಹಾಕಿ." ಮೊದಮೊದಲು ಮೆಣಸಿಯೂ ನಗುತ್ತಿದ್ದಳು. ಆಮೇಲಾಮೇಲೆ ಬಾಯಿ ಮಾತ್ರ ನಗುತ್ತಿತ್ತು. ಸಂಬಳ ಕೈಗೆ ಬರತೊಡಗಿದ ಮೇಲೆ ಅಮ್ಮನನ್ನೂ ತಮ್ಮನನ್ನೂ ಕರೆದುಕೊಂಡು ಬೇರೆ ಮನೆ ಮಾಡಿದಳು.

ತಮ್ಮ ಓದಲಿಲ್ಲ. ಪುಸ್ತಕ ಕಂಡರೆ ನಿದ್ದೆ ಬರುತ್ತದೆ ಎಂದು ಭಾವನ ಬೆನ್ನು ಹತ್ತಿ, ಚಾವಣಿಗೆ ತಗಡು ಹೊದಿಸುವ ಕೆಲಸದಲ್ಲಿ ಕೈ ಪಳಗಿಸಿಕೊಂಡ. ಅಲ್ಲಿ ಅವನ ಜೋಡಿ ಉದ್ದಣ್ಣ. ಏಣಿಯಿಲ್ಲದೆ ಬಲ್ಬು ಬದಲಿಸುವಷ್ಟು ಎತ್ತರದ ಆಳು, ಮಾತು ಕಡಿಮೆ, ನಗು ಜಾಸ್ತಿ. ತಗಡಿನ ಒಂದು ತುದಿ ತಮ್ಮ ಹಿಡಿದರೆ ಇನ್ನೊಂದು ತುದಿ ಉದ್ದಣ್ಣನದು.

ಆ ದಿನ ಮಧ್ಯಾಹ್ನ ಮೆಣಸಿ ಊಟ ಮುಗಿಸಿ ರೇಡಾರ್ ಪರದೆಯ ಮುಂದೆ ಬಂದು ಕೂತಾಗ, ಊರಿನ ಪಶ್ಚಿಮಕ್ಕೆ, ರೈಲ್ವೆ ಯಾರ್ಡಿನ ಆಚೆ ಒಂದು ಮೋಡ ಏಳುತ್ತಿತ್ತು. ಕಿಟಕಿಯಿಂದ ನೋಡಿದರೆ ಹಿಂಜಿದ ಹತ್ತಿಯಂತೆ ಬೆಳ್ಳಗೆ, ಚೆಂದವಾಗಿಯೇ ಇತ್ತು. ಪರದೆಯ ಮೇಲೆ ಮಾತ್ರ ಅದರ ತಲೆ ನೀರು ಹೆಪ್ಪುಗಟ್ಟುವ ಎತ್ತರವನ್ನು ದಾಟಿ, ಇನ್ನೂ ಮೇಲೆ ಮೇಲೆ ಹೋಗುತ್ತಿತ್ತು. ನೋಡುತ್ತಿದ್ದಂತೆಯೇ ಹೊಟ್ಟೆಯೊಳಗೆ ಹಸಿರು ಹೋಗಿ ಹಳದಿ ಬಂತು, ಹಳದಿಯ ನಡುವೆ ಕೆಂಪು ಮೂಡಿತು. ಅಂದರೆ ಒಳಗೆ ಬರೀ ನೀರಿಲ್ಲ, ಆಲಿಕಲ್ಲು ಕಟ್ಟುತ್ತಿದೆ. ಗಾಳಿಯಲ್ಲಿನ ವಿದ್ಯುತ್ತಿನ ಸೆಳೆತ ಅಳೆಯುವ ಯಂತ್ರವೊಂದು ಯಾರ್ಡಿನ ಸಿಗ್ನಲ್ ಕಟ್ಟಡದ ಮೇಲಿತ್ತು. ತಿಳಿ ಆಕಾಶದಲ್ಲಿ ಅದರ ಗೆರೆ ಒಂದೇ ಕಡೆ ಸಣ್ಣಗೆ ವಾಲಿಕೊಂಡಿರುತ್ತದೆ. ಈಗ ಅದು ಸೊನ್ನೆಗೆ ಬಂದು, ದಾಟಿ, ಎದುರು ದಿಕ್ಕಿಗೆ ಏರತೊಡಗಿತ್ತು.

ನಿಯಮದ ಪ್ರಕಾರ ಮೆಣಸಿ ಎಲ್ಲರಿಗೂ ಹೋಗುವ ಸಂದೇಶ ಕಳಿಸಿದಳು. ನಗರದ ಪಶ್ಚಿಮ ಭಾಗದಲ್ಲಿ ಗುಡುಗು ಸಹಿತ ಮಳೆಯ ಸಾಧ್ಯತೆ. ಕಳಿಸಿದ ಮೇಲೆ ನೆನಪಾಯಿತು: ಯಾರ್ಡಿನ ಪಕ್ಕದ ಗೋದಾಮಿಗೆ ಈ ವಾರ ತಗಡು ಹೊದಿಸುತ್ತಿದ್ದಾರೆ. ಮೇಸ್ತ್ರಿ ಭಾವ. ಮೇಲೆ ತಮ್ಮ. ಭಾವನಿಗೆ ಫೋನ್ ಮಾಡಿದಳು.

"ಭಾವ, ಹುಡುಗ್ರನ್ನ ಚಾವಣಿಯಿಂದ ಇಳಿಸಿ. ಈಗ್ಲೇ."

"ಯಾಕಮ್ಮ? ಇಲ್ಲಿ ಬಿಸಿಲು ಚುರುಗುಟ್ತಾ ಇದೆ."

"ಬಿಸಿಲು ಇರ್ಲಿ. ಯಾರ್ಡಿನ ಆಚೆ ಮೋಡ ಕಾಣ್ತಿದ್ಯಾ?"

"ಕಾಣ್ತಿದೆ, ಎಲ್ಲೋ ದೂರದಲ್ಲಿದೆ. ಒಂದೇ ಒಂದು ಸಾಲು ತಗಡು ಬಾಕಿ. ಮುಗಿಸಿ ಇಳಿಸಿಬಿಡ್ತೀನಿ."

"ಮುಗಿಸ್ಬೇಡಿ ಭಾವ, ಹಾಗೇ ಇಳಿಸಿ. ನಿಮ್ಮ ತಲೆ ಮೇಲೆ ಬರೋವರೆಗೂ ಅದು ಕಾಯೋದಿಲ್ಲ."

"ಆಯ್ತು ತಾಯಿ, ಆಯ್ತು."

ಆ "ಆಯ್ತು" ಎಂಬ ಮಾತನ್ನು ಮೆಣಸಿ ನಂಬಿದಳು. ನಂಬಿ, ಎದ್ದು ಹೋಗಿ ಚಹಾ ತಂದುಕೊಂಡಳು. ಮುಂದೆ ಎಷ್ಟೋ ದಿನ ಅವಳು ಚಹಾದ ಲೋಟ ಮುಟ್ಟಲಿಲ್ಲ.

ಮಳೆ ಒಂದು ಹನಿಯೂ ಬಿದ್ದಿರಲಿಲ್ಲ. ಕೊನೆಯ ಸಾಲಿನ ತಗಡನ್ನು ಇಬ್ಬರೂ ಎತ್ತಿ ಹಿಡಿದಿದ್ದಾಗ ಸಿಡಿಲು ಇಳಿಯಿತು. ತಮ್ಮ ಕೆಳಗಿನ ಗೋಣಿಚೀಲಗಳ ರಾಶಿಯ ಮೇಲೆ ಹೋಗಿ ಬಿದ್ದ. ಉದ್ದಣ್ಣ ಚಾವಣಿಯ ಮೇಲೆಯೇ ಉಳಿದ. ಆಸ್ಪತ್ರೆಗೆ ತರುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಮೆಣಸಿ ಆಸ್ಪತ್ರೆಗೆ ಓಡಿ ಬಂದಾಗ ತಮ್ಮನ ಒಂದು ಕಿವಿಗೆ ಹತ್ತಿ ತುರುಕಿದ್ದರು. ಬೆನ್ನ ಮೇಲೆ ಕೆಂಪು ಗೆರೆಗಳು ಬಳ್ಳಿಯ ಹಾಗೆ ಕವಲೊಡೆದಿದ್ದವು. ಕೈಗಳು ಹಾಸಿಗೆಯ ಮೇಲೆ ತಮ್ಮಷ್ಟಕ್ಕೆ ನಡುಗುತ್ತಿದ್ದವು. ಏನಾಯಿತೆಂದು ಅವನಿಗೆ ನೆನಪಿರಲಿಲ್ಲ. "ಉದ್ದಣ್ಣ ಊಟಕ್ಕೆ ಹೋದ್ನಾ?" ಎಂದು ಜೋರಾಗಿ, ತನ್ನ ದನಿ ತನಗೇ ಕೇಳದವರ ಹಾಗೆ ಕೇಳುತ್ತಿದ್ದ.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಭಾವ ಕೂತಿದ್ದ. ಸುತ್ತ ನಾಲ್ಕಾರು ಜನ. "ಬರಸಿಡಿಲು," ಅನ್ನುತ್ತಿದ್ದ ಅವನು. "ಮೇಲೆ ಮೋಡಾನೇ ಇರ್ಲಿಲ್ಲ. ಎಲ್ಲಿಂದ ಬಂತೋ ಆ ದೇವರಿಗೇ ಗೊತ್ತು. ಯಾರ ಕೈಯಲ್ಲಿದೆ ಹೇಳಿ?" ಸುತ್ತಲಿನವರು ತಲೆಯಾಡಿಸುತ್ತಿದ್ದರು. ಯಾರೋ ಒಬ್ಬರು "ಹಣೆಬರಹ" ಅಂದರು.

ಮೆಣಸಿಯ ಕಿವಿಯೊಳಗೆ ರಕ್ತ ಗುಂಯ್‌ಗುಟ್ಟಿತು. ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅವಳ ಮುಂಗೈ ಹಿಡಿದು ಅದುಮಿದಳು. ಅಮ್ಮನಿಗೂ ಗೊತ್ತಿತ್ತು. ಮೆಣಸಿ ಬರುವ ದಾರಿಯಲ್ಲೇ ಫೋನಿನಲ್ಲಿ ಎಲ್ಲ ಹೇಳಿದ್ದಳು.

"ಇಲ್ಲಿ ಬೇಡ ಕಣೇ," ಅಂದಳು ಅಮ್ಮ.

ಹಾಗಾದರೆ ಎಲ್ಲಿ?

ತಮ್ಮನನ್ನು ಮನೆಗೆ ಕರೆತಂದ ಮೇಲೆ ಮೆಣಸಿ ಉದ್ದಣ್ಣನ ಮನೆಗೆ ಹೋದಳು. ಚಪ್ಪಲಿ ಅಂಗಡಿಯ ಮೇಲಿನ ಒಂದೇ ಕೋಣೆ. ಬಾಗಿಲ ಹಿಂದೆ ಅವನ ಉದ್ದ ತೋಳಿನ ಅಂಗಿ ಇನ್ನೂ ನೇತಾಡುತ್ತಿತ್ತು. ಉದ್ದಣ್ಣನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಅತ್ತೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಸಿಡಿಲು ಸುಮ್ಮನೆ ಯಾರನ್ನೂ ಹುಡುಕಿಕೊಂಡು ಬರಲ್ಲ. ಈ ಮನೇಲಿ ಯಾರದೋ ಪಾಪ ಇದೆ." ಹೇಳುವಾಗ ಸೊಸೆಯ ಕಡೆ ನೋಡುತ್ತಿದ್ದಳು. ಸೊಸೆ ತಲೆ ಎತ್ತಲಿಲ್ಲ. ಹೌದೇನೋ ಎಂದು ತನ್ನೊಳಗೇ ಹುಡುಕುತ್ತಿರುವವಳ ಹಾಗೆ ಕೂತಿದ್ದಳು.

ಮೆಣಸಿ ಮೆಟ್ಟಿಲಿಳಿದು ನೇರವಾಗಿ ಅಕ್ಕನ ಮನೆಗೆ ಹೋದಳು. ಬಾಗಿಲು ತೆಗೆದ ಅಕ್ಕನನ್ನು ದಾಟಿ, ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದಳು. ಭಾವ ನೆಲದ ಮೇಲೆ ಕೂತು ಟೇಪು, ಸುತ್ತಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ನಾನು ಫೋನ್ ಮಾಡಿದ್ದೆ ಅಂತ ಯಾಕೆ ಹೇಳ್ತಿಲ್ಲ ನೀವು?"

"ಹೇಳಿದ್ರೆ ಅವನು ಎದ್ದು ಬರ್ತಾನಾ?"

"ಅವನ ಹೆಂಡತಿ ತನ್ನ ಪಾಪ ಅಂದ್ಕೊಂಡು ಕೂತಿದಾಳೆ!"

ಭಾವನ ಕೈ ನಿಂತಿತು. ಮತ್ತೆ ಶುರುವಾಯಿತು. "ನೋಡಮ್ಮ, ಮಳೆ ಬಂದಿರ್ಲಿಲ್ಲ, ಗುಡುಗು ಕೇಳಿರ್ಲಿಲ್ಲ. ಫೋನ್ ಬಂದಾಗೆಲ್ಲ ಕೆಲಸ ನಿಲ್ಲಿಸ್ತಾ ಹೋದ್ರೆ ನನ್ನನ್ನ ಯಾರು ಇಟ್ಕೋತಾರೆ? ನಾಳೆ ವಿಚಾರಣೆ. ಬರಸಿಡಿಲು ಅಂದ್ರೆ ಮುಗೀತು. ಇಲ್ಲ ಅಂದ್ರೆ ನನ್ನನ್ನ ಒಳಗೆ ಹಾಕ್ತಾರೆ."

"ಬರಸಿಡಿಲು ಅನ್ನೋ ಮಾತು ಇನ್ನೊಂದ್ಸಲ ನಿಮ್ಮ ಬಾಯಲ್ಲಿ ಬಂದ್ರೆ..."

"ಬಂದ್ರೆ ಏನೇ?" ಅಕ್ಕ ನಡುವೆ ಬಂದು ನಿಂತಳು. "ಏನ್ಮಾಡ್ತೀಯ? ಇದೇ ಮನೇಲಿ ಉಂಡು, ಇದೇ ದೀಪದಲ್ಲಿ ಓದಿ ದೊಡ್ಡವಳಾಗಿದ್ದು ಮರ್ತುಹೋಯ್ತಾ? ನಿನ್ನ ಕೋಪ ಬರೀ ಬೇರೆಯವರ ಮನೆ ಸುಡುತ್ತೆ ಕಣೇ."

ಮೆಣಸಿಗೆ ಇನ್ನಷ್ಟು ಸಿಟ್ಟು ಬಂತು. ಬಾಗಿಲನ್ನು ಗೋಡೆ ಅದುರುವ ಹಾಗೆ ಹಾಕಿಕೊಂಡು ಹೊರಟಳು. ಅಮ್ಮ ಮನೆಯಲ್ಲಿ ಗೋಗರೆದಳು: "ಹೆತ್ತ ಮಗ ಉಳಿದ, ಅಷ್ಟು ಸಾಕು. ಅಳಿಯನನ್ನ ಜೈಲಿಗೆ ಕಳಿಸಿ ನಾನು ಯಾವ ಮುಖ ಇಟ್ಕೊಂಡು ಮಗಳ ಮನೆಗೆ ಹೋಗ್ಲಿ?" ತಮ್ಮ, ಒಳ್ಳೆಯ ಕಿವಿಯನ್ನು ಅವರ ಕಡೆ ತಿರುಗಿಸಿ, "ನಾನೇ ತಗಡನ್ನ ತುಂಬಾ ಮೇಲೆತ್ತಿದ್ನಾ ಅಕ್ಕ? ಅದಕ್ಕೇ ಉದ್ದಣ್ಣಂಗೆ ಬಡಿತಾ?" ಎಂದು ಕೇಳಿದ.

ಆ ಒಂದು ಪ್ರಶ್ನೆ ಸಾಕಾಯಿತು. ತಪ್ಪು ಮಾಡಿದವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ತಪ್ಪನ್ನು ಹಂಚಿಕೊಳ್ಳುತ್ತಿದ್ದಾರಲ್ಲ ಎಂದು ಮೆಣಸಿ ಹಲ್ಲು ಕಚ್ಚಿದಳು.

ವಿಚಾರಣೆ ನಡೆದದ್ದು ಗುತ್ತಿಗೆ ಕಂಪನಿಯ ಕಚೇರಿಯ ಹಜಾರದಲ್ಲಿ. ಉದ್ದ ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಸದ್ದು ಮಾಡುವ ಫ್ಯಾನು. ಕಾರ್ಮಿಕ ಇಲಾಖೆಯ ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದರು. ಒಂದು ಕಡೆ ಕಂಪನಿಯವರು, ಭಾವ, ಕೂಲಿಯಾಳುಗಳು. ಇನ್ನೊಂದು ಕಡೆ ಉದ್ದಣ್ಣನ ಹೆಂಡತಿ ಒಬ್ಬಳೇ. ಮೆಣಸಿ ಹೋಗಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತಳು. ಅಕ್ಕ ಅದನ್ನು ನೋಡಿ ಮುಖ ತಿರುಗಿಸಿದಳು.

ಭಾವ ಎದ್ದು ನಿಂತು, ಕಲಿತ ಪಾಠ ಒಪ್ಪಿಸುವವನಂತೆ ಹೇಳಿದ. "ಬಿಸಿಲಿತ್ತು ಸರ್. ಮುನ್ಸೂಚನೆ ಏನೂ ಇರ್ಲಿಲ್ಲ. ಬರಸಿಡಿಲು."

"ಸುಳ್ಳು!"

ಕೂಗಿದ್ದು ತಾನೇ ಎಂದು ಮೆಣಸಿಗೆ ಗೊತ್ತಾದದ್ದು ಎಲ್ಲರೂ ತನ್ನ ಕಡೆ ತಿರುಗಿದ ಮೇಲೆ. ಎದ್ದು ನಿಂತಳು. ತಾನು ಯಾರು, ಎಲ್ಲಿ ಕೆಲಸ ಮಾಡುವುದು, ಯಾರಿಗೆ ಏನೆಂದು ಫೋನ್ ಮಾಡಿದ್ದು ಎಲ್ಲವನ್ನೂ ಹೇಳಿದಳು. ಅಧಿಕಾರಿ ಕನ್ನಡಕವನ್ನು ಕೆಳಗಿಳಿಸಿದರು.

"ಮೋಡ ದೂರ ಇತ್ತು ಅಂತಾರೆ. ಮಳೆಯೂ ಇರ್ಲಿಲ್ಲ. ಸಿಡಿಲು ಇಂಥ ಕಡೆ ಬೀಳುತ್ತೆ ಅಂತ ನಿಮಗೆ ಮೊದಲೇ ಹೇಗೆ ಗೊತ್ತಾಗುತ್ತೆ ಮೇಡಂ?"

"ಇಂಥ ಕಡೆ ಅಂತ ಗೊತ್ತಾಗಲ್ಲ ಸರ್. ಬೀಳೋಕೆ ತಯಾರಾಗ್ತಿದೆ ಅಂತ ಗೊತ್ತಾಗುತ್ತೆ. ಸಿಡಿಲು ಕಣ್ಣು ಮಿಟುಕಿಸೋದ್ರಲ್ಲಿ ಬರುತ್ತೆ, ಆದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಹುಟ್ಟಲ್ಲ." ಅವಳ ದನಿ ಏರಿತು. "ಬಿಸಿಗಾಳಿ ಮೇಲೇರುತ್ತೆ. ಜೊತೆಗೆ ನೀರಿನ ಆವಿ. ಮೇಲೆ ಹೋದ ಹಾಗೆ ಚಳಿ, ಅಲ್ಲಿ ಅದು ಹಿಮದ ಸಣ್ಣ ಸಣ್ಣ ಹರಳಾಗುತ್ತೆ. ಕೆಲವು ಬೆಳೆದು ಮೆದು ಆಲಿಕಲ್ಲಿನ ಕಾಳಾಗುತ್ತವೆ. ಹರಳು ಹಗುರ, ಗಾಳಿ ಅದನ್ನ ಮೇಲಕ್ಕೆ ಹೊತ್ಕೊಂಡು ಹೋಗ್ತಿರುತ್ತೆ. ಕಾಳು ಭಾರ, ಅದು ಕೆಳಗೆ ಜಗ್ತಿರುತ್ತೆ. ದಾರೀಲಿ ಒಂದಕ್ಕೊಂದು ಡಿಕ್ಕಿ ಹೊಡೀತವೆ. ಒಂದ್ಸಲ ಅಲ್ಲ, ಕೋಟಿ ಕೋಟಿ ಸಲ. ಹೊಡೆದಾಗ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತು ದಾಟುತ್ತೆ. ಕಾಳಿಗೆ ಮೈನಸ್, ಹರಳಿಗೆ ಪ್ಲಸ್. ಪ್ಲಸ್ ಎಲ್ಲ ಮೋಡದ ತಲೆಗೆ ಹೋಗಿ ಸೇರುತ್ತೆ, ಮೈನಸ್ ಹೊಟ್ಟೇಲಿ ಕೂತ್ಕೊಳ್ಳುತ್ತೆ."

"ಸರಿ, ಆಮೇಲೆ?"

"ಆಮೇಲೆ ಕೆಳಗಿನ ನೆಲ ಸುಮ್ನಿರಲ್ಲ. ಮೋಡದ ಹೊಟ್ಟೆಯ ಮೈನಸ್ಸು ನೆಲದ ಪ್ಲಸ್ಸನ್ನ ಮೇಲಕ್ಕೆ ಸೆಳೆಯುತ್ತೆ. ಗೋಡೆ, ಕಂಬ, ತಗಡು, ತಗಡು ಹಿಡಿದ ಮನುಷ್ಯ, ಯಾವುದು ಎತ್ತರ ಇದೆಯೋ ಅಲ್ಲೇ ಅದು ಜಾಸ್ತಿ ಸೇರುತ್ತೆ. ನಡುವೆ ಇರೋ ಗಾಳಿ ತಡೆದು ತಡೆದು, ಇನ್ನಾಗಲ್ಲ ಅಂದಾಗ ಬಿರುಕು ಬಿಡುತ್ತೆ. ಅದು ಸಿಡಿಲು. ಇಷ್ಟೆಲ್ಲ ಆಗೋಕೆ ಹೊತ್ತು ಹಿಡಿಯುತ್ತೆ ಸರ್. ಒಂದು ಊಟ ಮುಗಿಸುವಷ್ಟು ಹೊತ್ತು. ಏಣಿ ಇಳಿಯೋಕೆ ಅದರಲ್ಲಿ ಎಷ್ಟು ಬೇಕು? ಇನ್ನು ಮೋಡ ತಲೆ ಮೇಲೇ ಇರ್ಬೇಕು ಅಂತೇನಿಲ್ಲ, ಮೈಲಿಗಟ್ಟಲೆ ಆಚೆಗೂ ಅದು ಕೈ ಚಾಚುತ್ತೆ. ಹೇಳದೆ ಬಂದಿಲ್ಲ ಇದು. ಹೇಳಿ ಬಂದಿದೆ. ಕೇಳಿಸ್ಕೊಂಡವರು ಕೇಳಿಸ್ಕೊಂಡಿಲ್ಲ ಅಂತಿದಾರೆ!"

ಭಾವನ ಮುಖ ಕಪ್ಪಿಟ್ಟಿತು. "ನಿನ್ನನ್ನ ಓದಿಸಿದ್ದು ಇದಕ್ಕೇನಾ?" ಎಂದು ಎಲ್ಲರೆದುರು ಚೀರಿದ.

"ಹೌದು ಭಾವ. ಇದಕ್ಕೇ."

ಭಾವ ಕುರ್ಚಿಯ ಬೆನ್ನು ಹಿಡಿದುಕೊಂಡ. ಆಮೇಲೆ ಅಧಿಕಾರಿಗಲ್ಲ, ನೆಲಕ್ಕೆ ಹೇಳುವವನಂತೆ ಹೇಳಿದ.

"ಫೋನ್ ಇಟ್ಟು ನಾನು ಮೇಲಿದ್ದವರಿಗೆ ಕೂಗಿ ಹೇಳ್ದೆ. ನಮ್ಮ ಮನೆ ಹವಾಮಾನ ಫೋನ್ ಮಾಡಿತ್ತು, ಮಳೆಯಂತೆ, ಬಟ್ಟೆ ಒಣಗಹಾಕ್ರೋ ಅಂದೆ. ಎಲ್ರೂ ನಕ್ರು. ಅವನೂ ನಕ್ಕ."

ಉದ್ದಣ್ಣನ ಹೆಂಡತಿ ಮೊದಲ ಬಾರಿಗೆ ತಲೆ ಎತ್ತಿ ಅವನನ್ನು ನೋಡಿದಳು. ನೋಡುತ್ತಲೇ ಇದ್ದಳು. ಬೈಯಲಿಲ್ಲ, ಅಳಲಿಲ್ಲ. ಭಾವ ಆ ನೋಟ ತಾಳಲಾರದೆ ಮುಖ ಮುಚ್ಚಿಕೊಂಡು ಕೂತುಬಿಟ್ಟ.

ಮೆಣಸಿ ಗೆದ್ದಿದ್ದಳು. ಆದರೆ ಗೆದ್ದವರಿಗೆ ಆಗುವ ಸಮಾಧಾನ ಅವಳಿಗೆ ಸಿಗಲಿಲ್ಲ. ಹೊರಗೆ ಗೇಟಿನ ಹತ್ತಿರ ಉದ್ದಣ್ಣನ ಹೆಂಡತಿ ಅವಳನ್ನು ತಡೆದು ನಿಲ್ಲಿಸಿದಳು. ಕೃತಜ್ಞತೆ ಹೇಳುತ್ತಾಳೆ ಎಂದುಕೊಂಡು ಮೆಣಸಿ ಅವಳ ಕೈ ಹಿಡಿಯಲು ಹೋದಳು. ಅವಳು ಕೈ ಕೊಡಲಿಲ್ಲ.

"ಒಂದು ಕೇಳ್ತೀನಿ ಮೇಡಂ. ನೀವು ಫೋನ್ ಮಾಡಿದ್ದು ನಿಮ್ಮ ತಮ್ಮ ಮೇಲಿದಾನೆ ಅಂತ ಅಲ್ವಾ? ಅವತ್ತು ಅವನು ಕೆಲಸಕ್ಕೆ ಹೋಗಿಲ್ದೇ ಇದ್ದಿದ್ರೆ, ಬರೀ ನನ್ನ ಗಂಡ ಒಬ್ಬನೇ ಇದ್ದಿದ್ರೆ, ಮಾಡ್ತಿದ್ರಾ?"

ಹೌದು ಎಂದು ಮೆಣಸಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಉದ್ದಣ್ಣನ ಹೆಂಡತಿ ಉತ್ತರಕ್ಕೆ ಕಾಯದೆ ಬಸ್ ನಿಲ್ದಾಣದ ಕಡೆ ನಡೆದುಹೋದಳು.

ಮೆಣಸಿ ಅದೇ ಕಾಲಲ್ಲಿ ಕಚೇರಿಗೆ ಹೋಗಿ ತನ್ನ ಮೇಲಧಿಕಾರಿಯ ಬಾಗಿಲು ತಳ್ಳಿದಳು. ಅವರು ನಿವೃತ್ತಿಯ ಅಂಚಿನಲ್ಲಿದ್ದವರು, ಯಾರ ಜೊತೆಗೂ ಕಾಲು ಕೆರೆದುಕೊಂಡು ಜಗಳಕ್ಕೆ ಹೋದವರಲ್ಲ.

"ಗುಡುಗು ಸಹಿತ ಮಳೆ ಸಾಧ್ಯತೆ ಅಂತ ಕಳಿಸ್ತೀವಲ್ಲ ಸರ್, ಅದನ್ನ ಓದಿ ಯಾರು ಏಣಿ ಇಳೀತಾರೆ? ಕೊಡೆ ಹುಡುಕ್ತಾರೆ ಅಷ್ಟೇ. ಕಟ್ಟಡದವರಿಗೆ, ಮೈದಾನದವರಿಗೆ, ಕ್ರೇನಿನವರಿಗೆ ನಾವೇ ನೇರವಾಗಿ ಫೋನ್ ಮಾಡ್ಬೇಕು. ಈಗ ಇಳಿ, ಇಂಥ ಹೊತ್ತಿನವರೆಗೂ ಹತ್ತಬೇಡ ಅಂತ."

"ನಮ್ಮ ಕೆಲಸ ಮುನ್ಸೂಚನೆ ಕೊಡೋದಮ್ಮ. ಎಲ್ಲರ ಕೈ ಹಿಡ್ಕೊಂಡು ಏಣಿ ಇಳಿಸೋದಲ್ಲ. ಹತ್ತು ಸಲ ಇಳಿಸಿ ಒಂಬತ್ತು ಸಲ ಸಿಡಿಲು ಬೀಳದಿದ್ರೆ ಉಗೀತಾರೆ."

"ಉಗೀಲಿ!" ಮೆಣಸಿ ಮೇಜು ಗುದ್ದಿದ ರಭಸಕ್ಕೆ ಪೆನ್ನಿನ ಡಬ್ಬಿ ಉರುಳಿತು. "ಉಗಿಸ್ಕೊಳ್ಳೋಕೆ ಅವರೆಲ್ಲ ಬದುಕಿರ್ತಾರಲ್ಲ ಸರ್, ಅಷ್ಟು ಸಾಲ್ದಾ?"

ಒಂದೇ ಜಗಳಕ್ಕೆ ಕೆಲಸ ಆಗಲಿಲ್ಲ. ಅವಳು ದಿನಾ ಜಗಳವಾಡಿದಳು. ಕೊನೆಗೆ ಅವಳ ಕಾಟ ತಡೆಯಲಾರದೆ, "ಮಾಡ್ಕೊಂಡು ಸಾಯಿ" ಎಂದು ಒಂದು ಫೋನನ್ನು ಅವಳ ಮೇಜಿಗೆ ಹಾಕಿಸಿಕೊಟ್ಟರು. ಮೋಡದ ಹೊಟ್ಟೆ ಕೆಂಪಾದಾಗೆಲ್ಲ ಮೆಣಸಿ ಊರಿನ ಕಟ್ಟಡಗಳಿಗೆ ಫೋನ್ ಹಚ್ಚಿದಳು. ಕೆಲವರು ಇಳಿದರು, ಕೆಲವರು ಬೈದರು, ಕೆಲವರು ಅವಳ ನಂಬರನ್ನೇ ಬಂದ್ ಮಾಡಿದರು. ಬಂದ್ ಮಾಡಿದವರ ಬಾಗಿಲಿಗೆ ಸಂಜೆ ತಾನೇ ಹೋಗಿ ಜಗಳ ತೆಗೆದಳು.

ಭಾವ ಜೈಲಿಗೆ ಹೋಗಲಿಲ್ಲ. ಮೇಸ್ತ್ರಿಗಿರಿ ಹೋಯಿತು. ಸೈಟಿನಲ್ಲಿ ಇಂಥ ಹೊತ್ತಿನಲ್ಲಿ ಕೆಲಸ ನಿಲ್ಲಿಸುವ ಕಟ್ಟಳೆಯನ್ನೇ ಮಾಡಿರದ ಕಂಪನಿಗೂ ದಂಡ ಬಿತ್ತು. ಭಾವ ಬೇರೊಬ್ಬನ ಕೈಕೆಳಗೆ ಇಟ್ಟಿಗೆ ಜೋಡಿಸುವ ಕೆಲಸಕ್ಕೆ ಹೋಗತೊಡಗಿದ. ಅಕ್ಕ ಮೆಣಸಿಯ ಜೊತೆ ಮಾತು ಬಿಟ್ಟಳು. ಅಮ್ಮ ಎರಡೂ ಮನೆಗೆ ಹೋಗಿ ಎರಡೂ ಕಡೆ ಬೈಸಿಕೊಂಡು ಬರುತ್ತಿದ್ದಳು. ತಮ್ಮ ಮತ್ತೆ ಚಾವಣಿ ಹತ್ತಲಿಲ್ಲ. ಕೀಲಿ ರಿಪೇರಿ ಅಂಗಡಿಯಲ್ಲಿ ಕೂತ. ನಡುಗುವ ಕೈಯಲ್ಲಿ ಆ ಸಣ್ಣ ಕೆಲಸ ಹೇಗೆ ಮಾಡುತ್ತಾನೋ ಎಂದು ಮೆಣಸಿಗೆ ಅಂಗಡಿಯ ಮುಂದೆ ಹಾದಾಗೆಲ್ಲ ಮತ್ತೆ ಮೈ ಉರಿಯುತ್ತಿತ್ತು. ಭಾವನನ್ನು ಅವಳು ಕ್ಷಮಿಸಿರಲಿಲ್ಲ. ಕ್ಷಮಿಸುವ ಯೋಚನೆಯೂ ಇರಲಿಲ್ಲ.

ಮುಂದಿನ ಬೇಸಿಗೆಯ ಕೊನೆಗೆ ಒಂದು ದಿನ, ರಜೆಯಲ್ಲಿದ್ದ ಮೆಣಸಿ ಮಾರುಕಟ್ಟೆಯಿಂದ ಬರುತ್ತಿದ್ದಳು. ಪಶ್ಚಿಮದಲ್ಲಿ ಮೋಡದ ತಲೆ ಚಪ್ಪಟೆಯಾಗಿ ಹರಡುತ್ತಿತ್ತು. ಬೀದಿಯ ತಿರುವಿನಲ್ಲಿ ಯಾರೋ ಗಂಟಲು ಹರಿದುಹೋಗುವ ಹಾಗೆ ಕೂಗುವುದು ಕೇಳಿಸಿತು. ನಾಲ್ಕಂತಸ್ತಿನ ಕಟ್ಟಡಕ್ಕೆ ಕಬ್ಬಿಣದ ಸಾರುವೆ ಕಟ್ಟಿ, ಅದರ ಮೇಲೆ ನಿಂತು ಪೇಂಟರುಗಳು ಬಣ್ಣ ಬಳಿಯುತ್ತಿದ್ದರು. ಕೆಳಗೆ ನಡುಬೀದಿಯಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದವನು ಭಾವ.

"ಇಳೀರೋ! ಹೇಳಿದ್ದು ಕೇಳಿಸ್ತಿಲ್ವೇನ್ರೋ? ಇಳೀರಿ ಕೆಳಗೆ!"

"ಬಿಸಿಲಿದೆ ಕಣಯ್ಯ, ನಿನ್ನ ದಾರಿ ನೀನು ನೋಡ್ಕೋ," ಎಂದು ಮೇಲಿನಿಂದ ಒಬ್ಬ ನಕ್ಕ.

ಆ ನಗು ಕೇಳಿದ್ದೇ ತಡ, ಮೆಣಸಿಗೆ ಸಿಟ್ಟು ನೆತ್ತಿಗೇರಿತು. ತರಕಾರಿ ಚೀಲವನ್ನು ರಸ್ತೆಯಲ್ಲೇ ಇಟ್ಟು ಭಾವನ ಪಕ್ಕಕ್ಕೆ ಹೋಗಿ ನಿಂತು ಅವಳೂ ಕೂಗಿದಳು. ಭಾವ ಒಮ್ಮೆ ತಿರುಗಿ ನೋಡಿದ, ಮತ್ತೆ ಮೇಲೆ ನೋಡಿ ಕೂಗಿದ. ಇಬ್ಬರೂ ಸೇರಿ ಅರಚಿದ ರಂಪಕ್ಕೆ ಅಂಗಡಿಯವರು ಹೊರಬಂದರು, ಬಸ್ಸೊಂದು ನಿಂತಿತು. ಕೊನೆಗೆ ಪೇಂಟರುಗಳು ಗೊಣಗುತ್ತ, ಬ್ರಷ್ಷು ಡಬ್ಬಿ ಹಿಡಿದು ಒಬ್ಬೊಬ್ಬರಾಗಿ ಇಳಿದರು.

ಸಿಡಿಲು ಬೀಳಲಿಲ್ಲ. ಮೋಡ ಊರಿನ ಅಂಚಿನಲ್ಲೇ ಹಾದು, ಎಲ್ಲೋ ದೂರದಲ್ಲಿ ಗುಡುಗಿ ಹೋಯಿತು. "ಗಂಡ ಹೆಂಡ್ತಿ ಇಬ್ರಿಗೂ ತಲೆ ಕೆಟ್ಟಿದೆ" ಎಂದು ಪೇಂಟರೊಬ್ಬ ಉಗಿದ.

"ನಾದಿನಿ ಅವಳು, ನಾಲಗೆ ಬಿಗಿ ಹಿಡಿದು ಮಾತಾಡೋ!" ಎಂದು ಭಾವ ಅವನ ಮೇಲೆ ಏರಿಹೋದ. ಪೇಂಟರು ಹಿಂದೆ ಸರಿದ.

ಮೆಣಸಿ ಚೀಲ ಎತ್ತಿಕೊಂಡಳು. ಭಾವ ಏನೋ ಕೇಳಲು ಬಂದವನ ಹಾಗೆ ಎರಡು ಹೆಜ್ಜೆ ಜೊತೆಗೆ ಬಂದ. ಅವಳು ನಿಲ್ಲಲಿಲ್ಲ, ಅವನೂ ಕರೆಯಲಿಲ್ಲ.